ಗೌರವ್ವನ ಪುಡಿ, ಡಾಕ್ಟರ ಸಲಾಯಿನ್

"ತಂಗೀ, ಆಂಟಿ ಆಕ್ಸಿಡೆಂಟ್!"

ಫೋನಿನಲ್ಲಿ ಇಷ್ಟು ಕೇಳಿದ್ದೇ ತಡ, ನನ್ನ ಕೈಯಲ್ಲಿದ್ದ ಚಹಾ ಅರ್ಧ ಬಸಿಗೆ ಚೆಲ್ಲಿತು. ಯಾವ ಆಂಟಿ? ಎಲ್ಲಿ ಆಕ್ಸಿಡೆಂಟ್? ನಮ್ಮ ಬಳಗದ ಅರ್ಧ ಜನ ಕಿತ್ತೂರಿನ ಹೈವೇ ಅಕ್ಕಪಕ್ಕದಲ್ಲೇ ಇದ್ದಾರೆ. ಲಾರಿಗಳೋ, ಅವು ಯಾರ ಮಾತನ್ನೂ ಕೇಳುವುದಿಲ್ಲ. ಸಾಲದ್ದಕ್ಕೆ ಫೋನಿನ ಲೈನು ಗರಗರ ಎನ್ನುತ್ತಿತ್ತು.

"ಯಾರಿಗೇನಾತ್ರಿ ಅತ್ತೀ? ಜೀವಕ್ಕೇನೂ ಆಗಿಲ್ಲಲ್ರಿ?"

"ಏ ಹುಚ್ಚಿ, ಯಾರಿಗೂ ಏನೂ ಆಗಿಲ್ಲ. ನಾವು ಶೋಭಾಗ ಪುಡಿ ಕೊಡತೇವಲ್ಲ, ಅದರಾಗ ಆಂಟಿ ಆಕ್ಸಿಡೆಂಟ್ ಭಾಳ ಐತಂತ! ಕಿತ್ತೂರಿನ ನನ್ನ ತಮ್ಮನ ಮಗ ಪುಡಿ ಮೂಸಿ ನೋಡಿ ಹೇಳ್ಯಾನ. ಅವಂದು ಮೆಡಿಕಲ್ ಅಂಗಡಿ ಐತೆಲ್ಲ, ಅವಗ ಎಲ್ಲಾ ಗೊತ್ತಿರ್ತೈತಿ."

ಫೋನು ಮಾಡಿದವರು ಗೌರವ್ವ. ಮುನವಳ್ಳಿಯಲ್ಲಿರುವ ನನ್ನ ಅಕ್ಕ ಶೋಭಾಳ ಅತ್ತೆ. ವಯಸ್ಸು ಎಪ್ಪತ್ತರ ಆಚೆ. ಅದು ಆಂಟಿ ಆಕ್ಸಿಡೆಂಟ್ ಅಲ್ಲ, ಆಂಟಿಆಕ್ಸಿಡಂಟ್ ಎಂದು ತಿದ್ದಲು ಹೋದೆ. (ಬೈಲಹೊಂಗಲದ ಹೈಸ್ಕೂಲಿನಲ್ಲಿ ಪಾಠ ಹೇಳುವವಳ ಚಟ, ಬಿಟ್ಟು ಹೋಗುವುದಿಲ್ಲ.) ಆಕೆ ಕೇಳಲಿಲ್ಲ. ಹಾಗೆಂದರೇನು ಎಂದು ನಾನು ವಿವರಿಸಲು ಹೊರಟದ್ದೂ ಆಕೆಗೆ ಬೇಕಿರಲಿಲ್ಲ. ಬೇಕಿದ್ದದ್ದು ಇಷ್ಟೇ. ತಾನು ಹಳ್ಳಿಯಿಂದ ತಂದ ಪುಡಿಗೆ ಒಂದು ಇಂಗ್ಲಿಷ್ ಹೆಸರು ಸಿಕ್ಕಿದೆ. ಇನ್ನು ಅದನ್ನು ಯಾರೂ ನಕ್ಕು ತಳ್ಳಿಹಾಕುವಂತಿಲ್ಲ.

ನೀವೂ ಕಂಡಿರುತ್ತೀರಿ. ನಮ್ಮ ನೆಲ್ಲಿಕಾಯಿಗೆ ಈಚೆಗೆ ಬಹಳ ಮರ್ಯಾದೆ ಬಂದಿದೆ. ಅರಿಷಿಣಕ್ಕೂ ಬಂದಿದೆ. ತುಳಸಿಗಂತೂ ಕೇಳುವುದೇ ಬೇಡ. ನಮ್ಮಜ್ಜಿಯರು ಕೊಟ್ಟಾಗ ಮುಖ ಸಿಂಡರಿಸಿದವರೇ ಈಗ ಅದನ್ನು ಕ್ಯಾಪ್ಸೂಲಿನಲ್ಲಿ ತುಂಬಿ ನುಂಗುತ್ತಿದ್ದೇವೆ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ, ಕೆಳಗೆ ಆ ದೊಡ್ಡ ಶಬ್ದ. ದೇಹದೊಳಗಿನ ತುಕ್ಕನ್ನು ತಡೆಯುತ್ತದಂತೆ. ತಡೆಯುತ್ತಿರಬಹುದು. ನಾನು ವಿಜ್ಞಾನ ಓದಿದವಳಲ್ಲ.

ಆದರೆ ಅಕ್ಕನಿಗೆ ಆಗಿದ್ದದ್ದು ತುಕ್ಕಲ್ಲ. ಕ್ಯಾನ್ಸರ್.

ಶೋಭಕ್ಕ ಹೊಲಿಗೆ ಕ್ಲಾಸು ನಡೆಸುವವಳು. ಮದುವೆಯ ಬ್ಲೌಸು ಎಂದರೆ ಸವದತ್ತಿಯಿಂದಲೂ ಹುಡುಗಿಯರು ಅವಳ ಹತ್ತಿರ ಬರುತ್ತಾರೆ. ಬಾಯಲ್ಲಿ ಗುಂಡುಪಿನ್ನು, ಕೊರಳಲ್ಲಿ ಟೇಪು, ಕಣ್ಣು ಬಟ್ಟೆಯ ಮೇಲೆ. ಅವಳನ್ನು ನೆನೆದರೆ ನನಗೆ ಕಾಣುವುದೇ ಹೀಗೆ. ಹೋದ ವರ್ಷ ತನಗೇ ಒಂದು ಬ್ಲೌಸು ಹೊಲಿದುಕೊಂಡು ಫಿಟ್ಟಿಂಗ್ ನೋಡುತ್ತಿದ್ದಳು. ಒಂದು ಕಡೆ ಏನೋ ಸರಿ ಕೂರುತ್ತಿಲ್ಲ. ಬಟ್ಟೆಯಲ್ಲೇ ದೋಷ ಎಂದು ಮೊದಲು ಅನ್ನಿಸಿತಂತೆ. ಒತ್ತಿ ನೋಡಿದಳು. ಎದೆಯಲ್ಲಿ ಗಂಟು ಕೈಗೆ ಹತ್ತಿತು.

ಬೆಳಗಾವಿಯ ದವಾಖಾನೆಯಲ್ಲಿ ಪರೀಕ್ಷೆಯಾಯಿತು. ಆಪರೇಶನ್ ಆಯಿತು. ಆಮೇಲೆ ಕೀಮೋ ಶುರುವಾಯಿತು. ಸಲಾಯಿನ್ ಬಾಟಲಿಯ ಜೊತೆಗೆ ಶರಬತ್ತಿನ ಹಾಗೆ ಕೆಂಪಗಿರುವ ಔಷಧವನ್ನು ನಿಧಾನಕ್ಕೆ ರಕ್ತಕ್ಕೆ ಬಿಡುತ್ತಾರೆ. ನೋಡಲು ಚಂದ. ಒಳಗೆ ಹೋದ ಮೇಲೆ ಅದು ಮಾಡುವ ಹಾವಳಿ ಮಾತ್ರ ಹೇಳತೀರದು. ವಾಂತಿ. ಬಾಯಿ ತುಂಬ ಹುಣ್ಣು. ನೀರು ಕುಡಿದರೂ ಲೋಹದ ರುಚಿ. ಕೂದಲು ಹಿಡಿಹಿಡಿಯಾಗಿ ಕೈಗೆ ಬರತೊಡಗಿದಾಗ ಅಕ್ಕ ಅಳಲಿಲ್ಲ. ಅರಿವೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡು ಕನ್ನಡಿಯ ಮುಂದೆ ಕೂತಳು. "ಕಟಿಂಗ್ ನಂದ ಕೆಲಸಲ್ಲ?" ಎಂದಳು. ಅಳು ಬಂದದ್ದು ನನಗೆ.

ಇಂಥ ಮನೆಗೆ ಬರುವ ಜನ ಬರಿಗೈಯಲ್ಲಿ ಬರುವುದಿಲ್ಲ, ಗಮನಿಸಿದ್ದೀರಾ? ಒಬ್ಬರು ಗೋಧಿ ಹುಲ್ಲಿನ ರಸ ಎನ್ನುತ್ತಾರೆ. ಒಬ್ಬರು ಲೋಳಸರದ ತಿರುಳು. ಮತ್ತೊಬ್ಬರು ಯಾವುದೋ ಊರಿನ ಯಾವುದೋ ಎಲೆ. "ನಮ್ಮ ಪರಿಚಯದವರೊಬ್ಬರಿಗೆ ಪೂರಾ ಆರಾಮಾತು" ಎಂಬ ಸಾಕ್ಷಿ ಎಲ್ಲರ ಹತ್ತಿರವೂ ಇರುತ್ತದೆ. (ಆ ಪರಿಚಯದವರು ಎಂದಾದರೂ ಕಣ್ಣಿಗೆ ಬಿದ್ದಿದ್ದಾರೆಯೇ? ಕೇಳಬೇಡಿ, ಜಗಳವಾಗುತ್ತದೆ.) ನಾನು ಅವರನ್ನು ಗೇಲಿ ಮಾಡುತ್ತಿಲ್ಲ. ಕಣ್ಣೆದುರಿಗೆ ಒಂದು ಜೀವ ಸೊರಗುತ್ತಿರುವಾಗ ಕೈ ಕಟ್ಟಿ ಕೂಡುವುದು ಬಹಳ ಕಷ್ಟ. ಏನಾದರೂ ಕೊಡಬೇಕು ಅನ್ನಿಸುತ್ತದೆ. ಕೊಟ್ಟರೆ ನಮಗೇ ಸ್ವಲ್ಪ ಹಗುರಾಗುತ್ತದೆ.

ಅಕ್ಕ ಎಲ್ಲರಿಗೂ "ಹೂಂ" ಎನ್ನುತ್ತಿದ್ದಳು. ಯಾವುದನ್ನೂ ಮುಟ್ಟುತ್ತಿರಲಿಲ್ಲ. ಒಂದನ್ನು ಬಿಟ್ಟು. ಅದು ಗೌರವ್ವ ತಂದ ಪುಡಿ.

ಇಲ್ಲಿ ನಿಮಗೆ ಅತ್ತೆ ಸೊಸೆಯ ಸಂಗತಿ ಹೇಳಲೇಬೇಕು. ಅಕ್ಕ ಹೊಲಿಗೆ ಕ್ಲಾಸು ಶುರು ಮಾಡಿದಾಗ ಗೌರವ್ವನಿಗೆ ಸುತಾರಾಂ ಇಷ್ಟವಿರಲಿಲ್ಲ. "ಊರ ಮಂದಿ ಹುಡುಗ್ಯಾರು ನಮ್ಮ ಪಡಸಾಲ್ಯಾಗ ಹಲ್ಲ ಕಿಸಕೋತ ಕೂಡೂದು ಏನ್ ಚಂದ?" ಎಂದು ಹಟ ಹಿಡಿದರು. ಅಕ್ಕನೂ ಹಟದವಳೇ. ಕ್ಲಾಸು ನಿಲ್ಲಲಿಲ್ಲ. ನಿಂತದ್ದು ಮಾತು. ಅಂದಿನಿಂದ ಅತ್ತೆ ಸೊಸೆ ಒಬ್ಬರಿಗೊಬ್ಬರು ನೇರವಾಗಿ ಮಾತನಾಡಲಿಲ್ಲ. ನನ್ನ ಭಾವ ಮಲ್ಲೇಶಪ್ಪ ಇಬ್ಬರ ನಡುವಿನ ಪೋಸ್ಟ್‌ಮನ್ ಆದ.

"ಮಲ್ಲೇಶಿ, ಚಹಾಕ್ಕ ಸಕ್ಕರಿ ಎಷ್ಟ ಹಾಕಲಿ ಕೇಳು" ಎಂದು ಅಡುಗೆಮನೆಯಿಂದ ಅತ್ತೆ.

"ಒಂದ ಚಮಚಾ ಸಾಕಂತ ಹೇಳ್ರಿ" ಎಂದು ಪಡಸಾಲೆಯಿಂದ ಸೊಸೆ.

ನಡುವೆ ಇದ್ದದ್ದು ಒಂದು ಬಾಗಿಲು. ಅದೂ ತೆರೆದೇ ಇರುತ್ತಿತ್ತು. ಹೀಗೇ ವರ್ಷಗಳು ಹೋದವು. ಜಗಳವಿಲ್ಲ, ಕೂಗಾಟವಿಲ್ಲ. ಮನೆಗೆ ಬಂದವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಇಂಥ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಮೊದಲನೇ ಕೀಮೋ ಮುಗಿಸಿ ಬಂದು ಅಕ್ಕ ಪಡಸಾಲೆಯ ಮಂಚದ ಮೇಲೆ ಮಲಗಿದ್ದಾಗ ಗೌರವ್ವ ಯಾರಿಗೂ ಹೇಳದೆ ರಾಮದುರ್ಗದ ಬಸ್ಸು ಹತ್ತಿದರು. ತೊರಗಲ್ಲಿನಲ್ಲಿ ರಾಚಯ್ಯ ಎಂಬ ನಾಟಿವೈದ್ಯರಿದ್ದಾರೆ. ಅವರ ತಂದೆಯ ಕಾಲದಿಂದಲೂ ಸುತ್ತಲಿನ ಜನ ಅವರನ್ನು ನಂಬಿದ್ದಾರೆ. ಅವರಿಂದ ಒಂದು ಪುಡಿ ತಂದರು. ಬಿಸಿನೀರಿನಲ್ಲಿ ಕದಡಿದರು. ಬಾಗಿಲು ದಾಟಿ ಪಡಸಾಲೆಗೆ ಬಂದರು. ಮಂಚದ ಅಂಚಿಗೆ ಕೂತು, ಮಗನನ್ನು ಕರೆಯದೆ, ಸೊಸೆಯ ಮುಖ ನೋಡಿ ಹೇಳಿದರು.

"ಇದನ್ನ ಕುಡಿ. ತ್ರಾಣ ಬರತೈತಿ."

ಅಕ್ಕ ಕುಡಿದಳು.

ಅಂದಿನಿಂದ ಬೆಳಿಗ್ಗೆ ಸಂಜೆ ಇದೇ ಕ್ರಮ. ಲೋಟ ಖಾಲಿಯಾಗುವವರೆಗೂ ಗೌರವ್ವ ಅಲ್ಲಿಂದ ಏಳುತ್ತಿರಲಿಲ್ಲ. ನಾನು ಹೋದಾಗಲೆಲ್ಲ ನೋಡುತ್ತಿದ್ದೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನೆಲ್ಲಿಕಾಯಿ, ಬೇರು, ಎಲೆ. ಇವುಗಳಿಂದ ಯಾರಿಗೆ ಏನಾಗುತ್ತದೆ? ಸೈಡ್ ಎಫೆಕ್ಟ್ ಇಲ್ಲ ಎಂದು ನಾವೆಲ್ಲ ಹುಟ್ಟುತ್ತಲೇ ಕಲಿತು ಬಂದಿದ್ದೇವಲ್ಲ.

ಮೂರನೇ ಕೀಮೋಗೆ ಅಕ್ಕನನ್ನು ಕರೆದುಕೊಂಡು ಹೋದದ್ದು ನಾನು. ಹಿಂದಿನ ದಿನವೇ ಅವಳು ಬೈಲಹೊಂಗಲಕ್ಕೆ ಬಂದು ನಮ್ಮ ಮನೆಯಲ್ಲಿ ಉಳಿದಿದ್ದಳು. ಬೆಳಿಗ್ಗೆ ಇಬ್ಬರೂ ಬೆಳಗಾವಿಗೆ ಹೋದೆವು. ರಕ್ತ ಕೊಟ್ಟೆವು. ಕಾದೆವು. ಡಾಕ್ಟರು ಒಳಗೆ ಕರೆದರು. ನಡುವಯಸ್ಸಿನ ಹೆಣ್ಣುಮಗಳು, ಧಾರವಾಡದ ಕಡೆಯವರು, ಮೆಲುಮಾತಿನವರು. ರಿಪೋರ್ಟನ್ನು ಒಮ್ಮೆ ನೋಡಿದರು. ಮತ್ತೊಮ್ಮೆ ನೋಡಿದರು.

"ಶೋಭಾ ಅವ್ರ, ಇವತ್ತ ಕೀಮೋ ಕೊಡಾಕ ಬರೂದಿಲ್ರಿ. ಲಿವರ್ ರಿಪೋರ್ಟ್ ಚಲೋ ಬಂದಿಲ್ಲ. ಒಂದ ವಾರ ತಡ್ಯೂಣು, ಮತ್ತ ರಕ್ತ ನೋಡೂಣು."

ಒಂದು ವಾರ ತಾನೇ ಎನ್ನಬೇಡಿ. ಕೀಮೋ ಬೇಡ ಬೇಡ ಎಂದು ಅಳುತ್ತಾ ಹೋಗುವವರಿಗೇ, ಇವತ್ತು ಇಲ್ಲ ಎಂದಾಗ ಕಾಲ ಕೆಳಗಿನ ನೆಲ ಜಾರುತ್ತದೆ. ನಾವು ತಡೆಯಬಹುದು. ಒಳಗಿರುವುದು ತಡೆಯುತ್ತದೆಯೇ?

ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. "ನಾ ಕೊಟ್ಟದ್ದ ಬಿಟ್ಟು ಬ್ಯಾರೆ ಏನರ ತಗೋಳಾಕತ್ತೀರೇನು? ಗುಳಿಗಿ, ಕಷಾಯ, ಪುಡಿ, ಯಾರರ ಕೊಟ್ಟ ಬೇರು?"

ನಾನು ಬಾಯಿ ತೆರೆಯುವುದರೊಳಗೆ ಅಕ್ಕನ ಕೈ ನನ್ನ ಮೊಣಕಾಲನ್ನು ಒತ್ತಿ ಹಿಡಿಯಿತು.

"ಏನೂ ಇಲ್ರಿ ಮ್ಯಾಡಂ" ಎಂದಳು.

ಬಸ್ಸು ಊರು ದಾಟಿತು. ಆಮೇಲೆ ತಡೆಯಲಾಗಲಿಲ್ಲ.

"ಯಾಕಕ್ಕಾ, ಯಾಕ ಸುಳ್ಳ ಹೇಳಿದಿ? ಡಾಕ್ಟ್ರು ಬೈತಾರಂತ ಅಂಜಿದೇನು?"

"ಬೈದ್ರ ಬೈಲಿ ಬಿಡು. ಬೈಸಿಕೊಂಡ ಯಾರೂ ಸತ್ತಿಲ್ಲ."

"ಮತ್ತ?"

ಅಕ್ಕ ತಲೆಗೆ ಕಟ್ಟಿದ ಸ್ಕಾರ್ಫನ್ನು ಸರಿ ಮಾಡಿಕೊಂಡಳು. ಕಿಟಕಿಯ ಆಚೆ ನೋಡುತ್ತಾ ಹೇಳಿದಳು.

"ಪುಡಿ ಬಿಡ್ರಿ ಅಂತಾರ. ಪುಡಿ ಬಿಟ್ರ ಆಕಿ ಬರೂದ ಬಿಡತಾಳ."

ನನಗೆ ಮೊದಲು ಅರ್ಥವಾಗಲಿಲ್ಲ.

"ಅದು ಎಷ್ಟ ಕಹಿ ಐತಿ ನಿನಗ ಗೊತ್ತಿಲ್ಲ. ಬಾಯಾಗಿನ ಹುಣ್ಣಿಗೆ ಹತ್ತಿದ್ರ ಜೀವಾ ಹೋದಂಗ ಆಕ್ಕೈತಿ. ಆದ್ರ ನಾ ಕುಡ್ಯೂತನಕ ಆಕಿ ನನ್ನ ಮಗ್ಗಲಾಗ ಕೂತಿರ್ತಾಳ. ಬೆನ್ನ ಮ್ಯಾಲೆ ಕೈ ಆಡಸ್ತಾಳ. ತನ್ನ ತವರಮನಿ ಸುದ್ದಿ ಹೇಳತಾಳ. ನಾ ಈ ಮನಿಗಿ ಬಂದಾಗಿಂದ ಆಕಿ ನನ್ನ ಹಂಗ ಮುಟ್ಟಿದ್ದ ಇಲ್ಲ." ಯಾರಿಗೂ ಹೇಳಬೇಡ ಎಂದು ನನ್ನ ಕೈ ಹಿಡಿದು, ಮತ್ತೆ ಸೇರಿಸಿದಳು. "ನಾ ಬೇಕಂತ ಸಾವಕಾಶ ಕುಡೀತೇನಿ."

ನಾನು ಈ ಅಂಕಣದಲ್ಲಿ ವಾರವಾರ ಏನಾದರೂ ಒಂದು ಅಭಿಪ್ರಾಯ ಹೇಳುವವಳು. ಅಂದು ಆ ಬಸ್ಸಿನಲ್ಲಿ ನನ್ನ ಹತ್ತಿರ ಒಂದೇ ಒಂದು ಅಭಿಪ್ರಾಯವೂ ಇರಲಿಲ್ಲ.

ಅವಳನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಮುನವಳ್ಳಿಯವರೆಗೂ ಹೋದೆ. ಗೌರವ್ವ ಮನೆ ಮುಂದಿನ ಕಟ್ಟೆಯ ಮೇಲೆ ಕಾಯುತ್ತಾ ಕೂತಿದ್ದರು. ಅಕ್ಕ ಒಳಗೆ ಹೋಗಿ ಮಲಗಿದಳು.

"ಯಾಕ ಇಷ್ಟ ಲಗೂ ಬಂದ್ರಿ? ಸಲಾಯಿನ್ ಹಚ್ಚಲಿಲ್ಲೇನು?" ಎಂದು ಗೌರವ್ವ ನನ್ನನ್ನು ಕೇಳಿದರು.

ಹೇಳಬೇಕೋ ಬೇಡವೋ? ಅಕ್ಕ ಬೇಡ ಎಂದಿದ್ದಳು. ಆದರೆ ಇನ್ನೊಂದು ವಾರ ಆ ಪುಡಿ ಹೊಟ್ಟೆಗೆ ಹೋಗಿ, ಮತ್ತೆ ರಿಪೋರ್ಟು ಕೆಟ್ಟರೆ? ನಾನು ಹೇಳಿದೆ. ಕೀಮೋ ಮುಂದಕ್ಕೆ ಹೋದದ್ದು, ಡಾಕ್ಟರು ಕೇಳಿದ್ದು, ಅಕ್ಕ ಇಲ್ಲ ಎಂದದ್ದು. ಬಸ್ಸಿನ ಮಾತೊಂದನ್ನು ಮಾತ್ರ ಹೇಳಲಿಲ್ಲ. ಅದು ಅಕ್ಕನದು.

ಗೌರವ್ವನ ಮುಖ ನೋಡುನೋಡುತ್ತಲೇ ಸಣ್ಣದಾಯಿತು.

"ನನ್ನ ಪುಡಿಯಿಂದ ಹಿಂಗಾತೇನು?"

"ಗೊತ್ತಿಲ್ರಿ ಅತ್ತೀ. ಡಾಕ್ಟ್ರಿಗೆ ನಾವು ಹೇಳೇ ಇಲ್ಲ. ಹಿಂಗಾಗಿ ಅವರಿಗೂ ಗೊತ್ತಿಲ್ಲ."

ಆ ಸಂಜೆ ಗೌರವ್ವ ಪುಡಿ ಕದಡಲಿಲ್ಲ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತೇ ಇದ್ದರು. ಹೊತ್ತು ಮೀರಿದ ಮೇಲೆ ಅಲ್ಲಿಂದಲೇ ಅವರ ದನಿ ಬಂತು.

"ಮಲ್ಲೇಶಿ, ಇವತ್ತ ಪುಡಿ ಇಲ್ಲಂತ ಹೇಳು."

ಭಾವ ಹೇಳುವ ಅಗತ್ಯವಿರಲಿಲ್ಲ. ಅಕ್ಕ ಕೇಳಿಸಿಕೊಂಡಿದ್ದಳು. ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನನ್ನು ನೋಡಲಿಲ್ಲ. ನಾನು ಏನು ಮಾಡಿಬಿಟ್ಟೆ ಅನ್ನಿಸಿತು.

ಮರುದಿನ ನಾನು ಎದ್ದು ಹಲ್ಲುಜ್ಜುವುದರೊಳಗೆ ಗೌರವ್ವ ಇಳಕಲ್ ಸೀರೆ ಉಟ್ಟು, ಪುಡಿಯ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ತಯಾರಾಗಿದ್ದರು.

"ನಡೀ ತಂಗಿ. ತೊರಗಲ್ಲಿಗೆ ಹೋಗೂಣು. ಇದರಾಗ ಏನೈತಿ ಅಂತ ಮೊದಲ ನನಗ ಗೊತ್ತಾಗಬೇಕು."

ಶಾಲೆಗೆ ರಜೆ ಹೇಳಿ ಹೊರಟೆ. ರಾಚಯ್ಯನವರ ಮನೆ ಕೋಟೆಯ ಕೆಳಗಿನ ಓಣಿಯಲ್ಲಿದೆ. ಹೊರಗೆ ಬಿಸಿಲಿಗೆ ಬೇರುಗಳು ಒಣಗುತ್ತಿದ್ದವು. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು, ಶಾಂತವಾದ ಮನುಷ್ಯ. ಅವರು ಕೂಡ್ರಿ ಎಂದರೂ ಗೌರವ್ವ ಕೂಡಲಿಲ್ಲ. ನಡೆದದ್ದನ್ನೆಲ್ಲ ಹೇಳಿದರು.

ರಾಚಯ್ಯನವರ ಹುಬ್ಬು ಗಂಟಾಯಿತು. "ಆಪರೇಶನ್ ಆಗೇತಿ, ತ್ರಾಣಕ್ಕ ಏನರ ಕೊಡ್ರಿ ಅಂದ್ರಿ, ಕೊಟ್ನಿ. ಸಲಾಯಿನ್ಯಾಗ ಔಷಧ ನಡದೈತಿ ಅಂತ ನನಗ ಯಾವಾಗ ಹೇಳಿದ್ರಿ?"

ಗೌರವ್ವ ತಲೆ ತಗ್ಗಿಸಿದರು. "ಹೇಳಿದ್ರ ನೀವು ಕೊಡೂದಿಲ್ಲಂತ ಅಂಜಿದ್ನಿ."

ನೋಡಿದಿರಾ? ಡಾಕ್ಟರಿಗೆ ಪುಡಿಯ ಸುದ್ದಿ ಹೇಳಿಲ್ಲ. ಪುಡಿ ಕೊಟ್ಟವರಿಗೆ ಡಾಕ್ಟರ ಸುದ್ದಿ ಹೇಳಿಲ್ಲ. ಇಬ್ಬರೂ ತಮಗೆ ಗೊತ್ತಿದ್ದಷ್ಟರಲ್ಲಿ ಒಳ್ಳೆಯದನ್ನೇ ಮಾಡಿದರು. ಎರಡೂ ಒಂದೇ ಹೊಟ್ಟೆಗೆ ಹೋದವು.

"ಈಗ ಡಾಕ್ಟ್ರಿಗೆ ಹೇಳಬೇಕ್ರಿ" ಎಂದರು ಗೌರವ್ವ. "ಇದರಾಗ ಏನೇನ ಹಾಕೀರಿ ಹೇಳ್ರಿ."

ರಾಚಯ್ಯನವರು ಆಗುವುದಿಲ್ಲ ಎಂದು ತಲೆ ಆಡಿಸಿದರು. ಅದು ತಂದೆ ಮಗನಿಗೆ ಹೇಳಿಕೊಟ್ಟ ಔಷಧ. ಹೊರಗಿನವರಿಗೆ ಹೇಳಿದರೆ ಗುಣ ಹೋಗುತ್ತದೆ ಎಂಬ ನಂಬಿಕೆ. ಗೌರವ್ವ ಬಿಡಲಿಲ್ಲ.

"ಯಪ್ಪಾ, ನಾ ನಿಮ್ಮ ಮ್ಯಾಲೆ ತಪ್ಪ ಹೊರಸಾಕ ಬಂದಿಲ್ಲ. ತಪ್ಪ ನಂದ ಐತಿ. ಆದ್ರ ಆಕಿಗೆ ಏನರ ಆದ್ರ ನಿಮ್ಮ ಗುಟ್ಟ ನನಗ ಯಾತಕ್ಕ ಬೇಕ್ರಿ?"

ರಾಚಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಿಧಾನವಾಗಿ ಹೇಳತೊಡಗಿದರು. ನೆಲ್ಲಿಚಟ್ಟು. ಅರಿಷಿಣ. ಅಶ್ವಗಂಧ. ತುಳಸಿ. ಅಮೃತಬಳ್ಳಿ. ಕೊನೆಗೆ ಒಂದು ಬೇರು ಉಳಿಯಿತು. ಅದರ ಹೆಸರು ಬಾಯಿಗೆ ಬರಲಿಲ್ಲ. ಎದ್ದು ಒಳಗೆ ಹೋದರು. ಕಾಗದದಲ್ಲಿ ಒಂದು ತುಂಡು ಬೇರು ಸುತ್ತಿ ತಂದು ಗೌರವ್ವನ ಕೈಗಿಟ್ಟರು.

"ಹೆಸರ ಹೇಳೂದಿಲ್ಲಂತ ನಮ್ಮಪ್ಪಗ ಮಾತ ಕೊಟ್ಟೇನಿ. ತೋರಸೂದಿಲ್ಲಂತ ಕೊಟ್ಟಿಲ್ಲ. ಒಯ್ದು ತೋರಸ್ರಿ. ಆ ಔಷಧ ಮುಗ್ಯೂತನಕ ನಂದು ಬ್ಯಾಡವಾ."

ಅಲ್ಲಿಂದ ಬರುವಾಗ ಗೌರವ್ವ ಅವರ ಕಾಲಿಗೆ ನಮಸ್ಕಾರ ಮಾಡಿದರು. ನನಗೂ ಮಾಡಬೇಕೆನಿಸಿತು.

ಅದರ ಮರುದಿನ ಬೆಳಗಾವಿ. ಅಕ್ಕನಿಗೆ ಹೇಳಲಿಲ್ಲ. ದವಾಖಾನೆಯ ಬೆಂಚಿನ ಮೇಲೆ ಗೌರವ್ವ ಕೈಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದರು. ಅಷ್ಟು ದೊಡ್ಡ ದವಾಖಾನೆಯೊಳಗೆ ಅವರು ಬಂದದ್ದು ಅದೇ ಮೊದಲು. ಸ್ಕಾರ್ಫು ಕಟ್ಟಿದ ತಲೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. "ಇಷ್ಟ ಮಂದೀಗೆ ಐತೇನು ಇದು?" ಎಂದರು. ನಾನು ಹೂಂ ಎಂದೆ.

ಒಳಗೆ ಹೋದೆವು. ಗೌರವ್ವ ಡಬ್ಬಿ ಮತ್ತು ಬೇರು ಎರಡನ್ನೂ ಟೇಬಲ್ಲಿನ ಮೇಲಿಟ್ಟರು. ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸಿದರು. ಆಮೇಲೆ ಕೇಳಿದರು.

"ನನ್ನ ಸೊಸಿಗೆ ನಾನ ನನ್ನ ಕೈಯಾರೆ ವಿಷಾ ಹಾಕಿದ್ನೇನ್ರಿ?"

ಹೊರಗೆ ಪೇಶಂಟುಗಳ ಸಾಲಿತ್ತು. ಡಾಕ್ಟರು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಗದರಬಹುದಿತ್ತು. ಅವರು ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಬೇರನ್ನು ಬೆಳಕಿಗೆ ಹಿಡಿದು ನೋಡಿದರು.

"ಈ ಬೇರು ಯಾವುದಂತ ನನಗ ಗೊತ್ತಿಲ್ರಿ ಅಮ್ಮಾ. ಇದರಿಂದನ ಲಿವರಿಗೆ ತ್ರಾಸಾತು ಅನ್ನಾಕ ನನ್ನ ಹಂತ್ಯಾಕ ಆಧಾರ ಇಲ್ಲ. ಆಗಿಲ್ಲ ಅನ್ನಾಕೂ ಇಲ್ಲ. ನಾ ಕೊಡೂ ಔಷಧದಿಂದಾನೂ ಹಂಗ ಆಗಬಹುದು."

"ಮತ್ತ ನಮ್ಮ ಹುಡುಗ ಆಂಟಿ ಆಕ್ಸಿಡೆಂಟ್ ಅಂದಾ. ಭಾಳ ಚಲೋ ಅಂದಾ."

ಡಾಕ್ಟರು ನಗಲಿಲ್ಲ. (ನಾನೇ ತುಟಿ ಕಚ್ಚಿಕೊಂಡೆ.)

"ಚಲೋ ವಸ್ತುನ ಅದು. ನಮ್ಮ ಮೈಯಾಗಿನ ಜೀವಕೋಶ ಸುಡದಂಗ ಕಾಯತೈತಿ ಅಂತಾರ. ಆದ್ರ ಈಗ ನಾವು ಏನ ಮಾಡಾಕತ್ತೇವಿ ಹೇಳ್ರಿ? ನಾವ ಬೇಕಂತ ಸುಡಾಕತ್ತೇವಿ. ಆ ಕೆಂಪ ಔಷಧ ಕ್ಯಾನ್ಸರ್ ಗಡ್ಡಿ ಬೀಜಾ ಸುಡಬೇಕು. ಅದ ಹೊತ್ತಿನಾಗ ನಿಮ್ಮ ಪುಡಿ ಹೋಗಿ ಎಲ್ಲಾದಕ್ಕೂ ನೆಳ್ಳ ಹಿಡದ್ರ? ಒಳ್ಳೇದೂ ಉಳೀತೈತಿ. ಕೆಟ್ಟದ್ದೂ ಉಳದ್ರ?"

ಗೌರವ್ವ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು.

"ಹಿಂಗ ಆಗೇ ಆಕ್ಕೈತಿ ಅಂತ ನಾ ಹೇಳೂದಿಲ್ಲ" ಎಂದರು ಡಾಕ್ಟರು. "ಕೊಟ್ರ ತ್ರಾಸ ಕಡಿಮಿ ಆಕ್ಕೈತಿ ಅನ್ನೂ ಡಾಕ್ಟ್ರೂ ಅದಾರ, ಬ್ಯಾಡ ಅನ್ನೂವ್ರೂ ಅದಾರ. ಖಾತ್ರಿ ಯಾರಿಗೂ ಇಲ್ಲ. ಖಾತ್ರಿ ಇಲ್ಲದ್ದನ್ನ ಶೋಭಾ ಅವ್ರ ಮ್ಯಾಲೆ ನಾ ನೋಡಾಕ ತಯಾರಿಲ್ಲ. ಸಾರಿಗೆ ಅರಿಷಿಣ ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಊಟ ಊಟದಂಗ ಇರಲಿ. ಔಷಧದಂಗ ಹೊತ್ತಹೊತ್ತಿಗೆ ಪುಡಿ ಕೊಡೂದು ಮಾತ್ರ ಈಗ ಬ್ಯಾಡ. ಮುಂದ ಏನರ ಕೊಡಬೇಕು ಅನಿಸಿದ್ರ ಮೊದಲ ನನಗ ಹೇಳ್ರಿ. ನಾ ಬೈಯೂದಿಲ್ಲ."

"ಗೊತ್ತಿಲ್ಲ" ಎಂದ ಡಾಕ್ಟರನ್ನು ನಾನು ಜೀವನದಲ್ಲಿ ಹೆಚ್ಚು ಕಂಡಿಲ್ಲ. ಗೊತ್ತಿಲ್ಲ ಎಂದದ್ದರಿಂದಲೇ ಗೌರವ್ವ ಅವರನ್ನು ನಂಬಿದರು ಅನ್ನಿಸುತ್ತದೆ. ಕಿತ್ತೂರಿನ ಹುಡುಗನಿಗೆ ಎಲ್ಲ ಗೊತ್ತಿತ್ತು. ಸಾಂತ್ವನ ಹೇಳಲು ಬಂದ ನೆಂಟರಿಗೆಲ್ಲ ಎಲ್ಲ ಗೊತ್ತಿತ್ತು. ಎಲ್ಲ ಗೊತ್ತಿದ್ದವರ ನಡುವೆ ಅಕ್ಕನ ಲಿವರು ಒಂದೇ ಒಂಟಿಯಾಗಿತ್ತು.

ವಾಪಸ್ಸು ಬಸ್ಸಿನಲ್ಲಿ ಗೌರವ್ವ ಕಿಟಕಿ ಪಕ್ಕ ಕೂತರು. ನಾನು ಶೇಂಗಾ ಕೊಡಿಸಿದೆ. ಕೈಯಲ್ಲೇ ಹಿಡಿದಿದ್ದರು, ತಿನ್ನಲಿಲ್ಲ.

"ತಂಗೀ" ಎಂದರು ಕೊನೆಗೆ. "ಡಾಕ್ಟ್ರು ಹೇಳಿದ್ದು ತಿಳೀತು. ಪುಡಿ ಬಿಟ್ನಿ. ಆದ್ರ ಇನ್ನ ಆಕಿ ಹಂತ್ಯಾಕ ಹೋಗಾಕ ನನಗ ಏನ ಉಳೀತು? ಏನಂತ ಹೋಗಲಿ? ಇಷ್ಟ ವರ್ಷ ಮಾತಾಡಿಲ್ಲ. ಪುಡಿ ಕುಡಿಸೂ ನೆವದಾಗ ಕೂಡತಿದ್ನಿ. ಆಕಿ ಸಾವಕಾಶ ಕುಡ್ಯಾಕಿ, ಅದ ನನಗ ಚಲೋ ಅನಸ್ತಿತ್ತು."

ನಾನು ಆಗ ಅಕ್ಕನ ಮಾತು ಮುರಿದೆ. ಅಂದು ಬಸ್ಸಿನಲ್ಲಿ ಅವಳು ನನಗೆ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದೆ. ಕಹಿ, ಹುಣ್ಣು, ಬೆನ್ನ ಮೇಲಿನ ಕೈ, ಬೇಕೆಂದೇ ನಿಧಾನವಾಗಿ ಕುಡಿದದ್ದು.

ಗೌರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಅಲುಗಿತು. ಮುಂದಿನ ಸೀಟಿನಾಕೆ ತಿರುಗಿ ನೋಡಿದಳು. ನೋಡಲಿ ಬಿಡಿ.

ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಅಕ್ಕ ಮಂಚದ ಮೇಲೆ ಒರಗಿ ಕೂತಿದ್ದಳು. ಗೌರವ್ವ ಕಾಲು ತೊಳೆದುಕೊಂಡು ನೇರ ಪಡಸಾಲೆಗೆ ಹೋದರು. ಮಂಚದ ಅಂಚಿಗೆ ಕೂತರು. ಅಕ್ಕ ಅವರ ಕೈ ಕಡೆ ನೋಡಿದಳು.

"ಏನ ತಂದೀರಿ ಅತ್ತೀ?"

"ಏನೂ ತಂದಿಲ್ಲ. ಸುಮ್ಮ ಬಂದೇನಿ."

ಇಷ್ಟೇ. ಭಾವ ಎದ್ದು ಹೊರಗೆ ಹೋದ. ನಾನೂ ಹೋದೆ. ಕ್ಷಮಿಸಿ, ಅವರಿಬ್ಬರೂ ಆಮೇಲೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಬಹಳ ಹೊತ್ತು ಮಾತಾಡಿದರು ಎಂಬುದಷ್ಟೇ ಗೊತ್ತು.

ಮುಂದಿನ ವಾರದ ರಿಪೋರ್ಟು ಸುಧಾರಿಸಿತ್ತು. ಪುಡಿ ಬಿಟ್ಟದ್ದಕ್ಕೋ, ದೇಹ ತಾನೇ ಸಾವರಿಸಿಕೊಂಡಿತೋ, ಡಾಕ್ಟರು ಆಗಲೂ "ಹೇಳಾಕ ಬರೂದಿಲ್ರಿ" ಎಂದರು. ಕೀಮೋ ಮತ್ತೆ ಶುರುವಾಯಿತು. ಉಳಿದ ಸರದಿಗಳಿಗೆಲ್ಲ ಗೌರವ್ವನೇ ಜೊತೆಗೆ ಹೋದರು. ವಾಂತಿಯೂ ಆಯಿತು, ಹುಣ್ಣೂ ಆಯಿತು, ಯಾವುದೂ ಕಡಿಮೆಯಾಗಲಿಲ್ಲ. ಕಳೆದ ತಿಂಗಳು ಎಲ್ಲ ಮುಗಿಯಿತು. ಇನ್ನು ಆಗಾಗ ಹೋಗಿ ತೋರಿಸುತ್ತಿರಬೇಕು. ಮುಂದೆ ಹೇಗೋ ಏನೋ. ಅಕ್ಕ ಅದನ್ನು ಕೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಪುಡಿಗೆ ನಾನು ಶಾಪ ಹಾಕುತ್ತಿಲ್ಲ. ಕೀಮೋಗೆ ಜೈಕಾರವನ್ನೂ ಹಾಕುತ್ತಿಲ್ಲ. ನಿಮ್ಮ ಮನೆಯಲ್ಲಿ ಇಂಥ ಪೇಶಂಟು ಇದ್ದರೆ, ಏನು ಕೊಡುತ್ತಿದ್ದೀರಿ ಎಂಬುದನ್ನು ಡಾಕ್ಟರಿಗೆ ಹೇಳಿ. ಡಾಕ್ಟರು ಏನು ಕೊಡುತ್ತಿದ್ದಾರೆ ಎಂಬುದನ್ನು ನಾಟಿವೈದ್ಯರಿಗೂ ಹೇಳಿ. ಬೈದರೆ ಬೈಸಿಕೊಳ್ಳಿ. ಅಷ್ಟೇ ನನ್ನ ಬುದ್ಧಿವಾದ. (ಬುದ್ಧಿವಾದ ಹೇಳದಿದ್ದರೆ ಅಂಕಣ ಮುಗಿಯುವುದಿಲ್ಲವಲ್ಲ.)

ಮೊನ್ನೆ ಭಾನುವಾರ ಹೋಗಿದ್ದೆ. ಅಕ್ಕನ ತಲೆಯ ಮೇಲೆ ಮೆತ್ತಗಿನ ಕೂದಲು ಹುಟ್ಟುತ್ತಿದೆ. ಕೀಮೋದಿಂದ ಬೆರಳ ತುದಿ ಜೋಮು ಹಿಡಿದಂತಾಗಿ ಸೂಜಿ ನಿಲ್ಲುವುದಿಲ್ಲ. ಗೌರವ್ವನಿಗೆ ಕಣ್ಣು ಮಂಜು. ಒಬ್ಬರು ಸೂಜಿ ಹಿಡಿದಿದ್ದರು, ಒಬ್ಬರು ದಾರ.

"ಅಲ್ಲಲ್ಲ, ಸ್ವಲ್ಪ ಮ್ಯಾಲೆ ಹಿಡೀರಿ ಅತ್ತೀ."

"ಹಿಡದೇನಲ್ಲ! ನಿನ್ನ ಕೈನ ನಡಗಾಕತ್ತೈತಿ, ನನಗ ಹೇಳತಿ."

ದಾರ ಹೋಗಲಿಲ್ಲ. ಕೊಡಿ, ನಾನೇ ಪೋಣಿಸುತ್ತೇನೆ ಎಂದೆ. ಇಬ್ಬರೂ ಒಟ್ಟಿಗೇ "ಬ್ಯಾಡ" ಎಂದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ಕೂತೆ.

ಅವರನ್ನು ನೋಡುತ್ತಾ ನನಗೆ ಹೊಳೆದದ್ದು ಒಂದೇ ಪ್ರಶ್ನೆ. ಒಂದೇ ಸೂರಿನ ಕೆಳಗೆ ಇರುವವರ ಪಕ್ಕದಲ್ಲಿ ಹೋಗಿ ಕೂಡಲು ನಮಗೆ ಕ್ಯಾನ್ಸರೇ ಬರಬೇಕೇ?